ಮೈಸೂರು ಸರ್ಕಾರವೇ ಇಲ್ಲ, ಅದರ ಕಾನೂನು ಇನ್ನೂ ಏಕಿದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಜಮೀನಿನ ಮಾತು ಬಂದಾಗ ಎರಡು ಬಗೆಯ ವಾದ ಕೇಳಿಬರುತ್ತದೆ. ಮೊದಲನೆಯದು: ‘ಸೊಪ್ಪಿನಬೆಟ್ಟ ಕೊಟ್ಟಿದ್ದು ಮಹಾರಾಜರ ಸರ್ಕಾರ. ಆ ಸರ್ಕಾರವೇ ಹೋಯಿತು. ಇನ್ನು ಆ ಕಾಗದಕ್ಕೆ ಏನು ಬೆಲೆ?’ ಇನ್ನೊಂದು ಇದರ ಉಲ್ಟಾ: ‘ಮಹಾರಾಜರು ಕೊಟ್ಟದ್ದನ್ನು ಈಗಿನವರು ಮುಟ್ಟುವ ಹಾಗಿಲ್ಲ. ಅದು ನಮ್ಮದೇ ಜಾಗ.’

ಎರಡೂ ತಪ್ಪು. ಎರಡರಿಂದಲೂ ನಷ್ಟ ಆಗುತ್ತದೆ. ಮೊದಲನೆಯದನ್ನು ನಂಬಿದವರು ಇರುವ ಸವಲತ್ತನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ. ಎರಡನೆಯದನ್ನು ನಂಬಿದವರು ಬೆಟ್ಟ ಬೋಳಿಸಿ ತೋಟ ಮಾಡುತ್ತಾರೆ, ಇಲ್ಲವೇ ಅಂಥ ಜಾಗಕ್ಕೆ ದುಡ್ಡು ಕೊಟ್ಟು ಕೋರ್ಟು ಕಚೇರಿ ಅಲೆಯುತ್ತಾರೆ.

ಇದು ಮಲೆನಾಡಿನ ಗೊಂದಲ ಮಾತ್ರ ಅಲ್ಲ. 2020ರ ಜನವರಿ 31ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದಾಗಲೂ ‘ಇನ್ನು ಯುರೋಪಿನ ಕಾನೂನೆಲ್ಲ ಮುಗಿಯಿತು’ ಎಂದು ಬಹಳ ಜನ ಅಂದುಕೊಂಡರು. ಮುಗಿಯಲಿಲ್ಲ. ಸಾವಿರಾರು ಯುರೋಪಿಯನ್ ನಿಯಮಗಳು ಇವತ್ತಿಗೂ ಅಲ್ಲಿ ಬ್ರಿಟನ್ನಿನ ಕಾನೂನಾಗಿ ನಡೆಯುತ್ತಿವೆ. ಕಾರಣ, ಸೊಪ್ಪಿನಬೆಟ್ಟದ ಸವಲತ್ತು ಉಳಿದುಕೊಂಡ ಕಾರಣವೇ.

ಸೊಪ್ಪಿನಬೆಟ್ಟ ಗೊತ್ತಿಲ್ಲದವರಿಗೆ ಒಂದು ಮಾತು. ಅಡಿಕೆ ತೋಟಕ್ಕೆ ವರ್ಷವರ್ಷವೂ ಸೊಪ್ಪು, ದರಗು, ಗೊಬ್ಬರ ಬೇಕು. ಅದಕ್ಕಾಗಿ ತೋಟದ ಪಕ್ಕದ ಕಾಡನ್ನು ಆ ತೋಟದವರು ಬಳಸಿಕೊಳ್ಳಲು ಬಿಟ್ಟಿದ್ದು ಸೊಪ್ಪಿನಬೆಟ್ಟ. ಕಾನು ಅಂದರೆ ಮೆಣಸು ಮುಂತಾದ ಉತ್ಪನ್ನ ಸಿಗುವ ನಿತ್ಯಹಸಿರಿನ ಕಾಡಿನ ತುಂಡು. ಘಟ್ಟದ ಕೆಳಗೆ ಇದರ ಸೋದರಸಂಬಂಧಿ ಕುಮ್ಕಿ, ಉತ್ತರ ಕನ್ನಡದಲ್ಲಿ ಬೆಟ್ಟ ಮತ್ತು ಹಾಡಿ, ಕೊಡಗಿನಲ್ಲಿ ಬಾಣೆ. ಹೆಸರು ಬೇರೆ ಬೇರೆ. ಎಲ್ಲವೂ ಬೇರೆ ಬೇರೆ ಸರ್ಕಾರಗಳ ಕಾಲದಲ್ಲಿ ಹುಟ್ಟಿದವು. ಆ ಸರ್ಕಾರಗಳಲ್ಲಿ ಒಂದೂ ಈಗ ಇಲ್ಲ.

ಕಾನೂನು ತಾನಾಗಿ ಉಳಿಯುವುದಿಲ್ಲ

ಒಂದು ರಾಜ್ಯ ಬಿದ್ದ ರಾತ್ರಿಯೇ ಅದರ ಕಾನೂನೂ ಸತ್ತುಹೋದರೆ ಏನಾಗುತ್ತದೆ? ಹಿಂದಿನ ದಿನ ರಿಜಿಸ್ಟರ್ ಆದ ಕ್ರಯಪತ್ರ ಯಾವ ಕಾನೂನಿನ ಮೇಲೆ ನಿಲ್ಲಬೇಕು? ಸಾಲ ಕೊಟ್ಟವನು ಯಾವ ಕೋರ್ಟಿಗೆ ಹೋಗಬೇಕು? ಕಳ್ಳತನ ಮಾಡಿದವನಿಗೆ ಯಾವ ಸೆಕ್ಷನ್? ಹೊಸ ಸರ್ಕಾರ ಎಷ್ಟೇ ಚುರುಕಾಗಿದ್ದರೂ ಬೆಳಗಾಗುವುದರೊಳಗೆ ಎಲ್ಲ ಕಾನೂನನ್ನು ಹೊಸದಾಗಿ ಬರೆಯಲು ಸಾಧ್ಯವಿಲ್ಲ.

ಹಾಗಾಗಿ ಅಧಿಕಾರ ಕೈ ಬದಲಾದಾಗಲೆಲ್ಲ ಹೊಸಬರು ಒಂದು ಸಾಲು ಬರೆದಿಡುತ್ತಾರೆ. ಅದರ ತಾತ್ಪರ್ಯ ಎಲ್ಲ ಕಡೆಯೂ ಒಂದೇ: ಇದ್ದ ಕಾನೂನು ಇದ್ದ ಹಾಗೇ ಮುಂದುವರಿಯುತ್ತದೆ, ನಾವು ಬದಲಿಸುವವರೆಗೆ.

ಈ ಸಾಲಿಗೆ ಎರಡು ಭಾಗ ಇದೆ. ಫಾರ್ವರ್ಡ್ ಮಾಡುವವರು ಸಾಮಾನ್ಯವಾಗಿ ಒಂದನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ‘ಮುಂದುವರಿಯುತ್ತದೆ’ ಎಂಬುದನ್ನು ಮರೆತವರು ಎಲ್ಲ ರದ್ದಾಯಿತು ಎನ್ನುತ್ತಾರೆ. ‘ಬದಲಿಸುವವರೆಗೆ’ ಎಂಬುದನ್ನು ಮರೆತವರು ಯಾರೂ ಮುಟ್ಟುವ ಹಾಗಿಲ್ಲ ಎನ್ನುತ್ತಾರೆ. ಈ ಸಾಲು ಬಿದ್ದ ಕ್ಷಣದಿಂದ ಹಳೆಯ ಕಾನೂನು ಹಳಬರ ಬಲದಿಂದ ನಡೆಯುವುದಿಲ್ಲ, ಹೊಸಬರ ಒಪ್ಪಿಗೆಯಿಂದ ನಡೆಯುತ್ತದೆ. ಮಾತು ಹಳೆಯದು, ಅದರ ಹಿಂದಿನ ಶಕ್ತಿ ಹೊಸದು.

ಈ ಮೂರು ತಾಲ್ಲೂಕುಗಳಲ್ಲಿ ಇಂಥ ಕೈಬದಲು ಒಂದೆರಡಲ್ಲ ಆಗಿದೆ.

ಶಿಸ್ತು ಅಂದರೆ ಡಿಸಿಪ್ಲಿನ್ ಅಲ್ಲ

ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ, ಬಿದನೂರು ಅಂದರೆ ಈಗಿನ ನಗರ ಹೊಸನಗರ ತಾಲ್ಲೂಕಿನಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. ಒಂದೇ ಮನೆತನ ಆಳಿದ ಜಾಗಗಳು ಇವು. ಆ ಮನೆತನದ ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿದ. ‘ಶಿಸ್ತಿನ ಶಿವಪ್ಪ ನಾಯಕ’ ಎಂದು ಈಗಲೂ ಕರೆಯುತ್ತೇವೆ. ಅವನು ಬಹಳ ಕಟ್ಟುನಿಟ್ಟಿನ ಮನುಷ್ಯ ಆಗಿದ್ದಕ್ಕೆ ಈ ಹೆಸರು ಬಂತು ಎಂದು ತಿಳಿದವರು ಹೆಚ್ಚು. ಆದರೆ ಇಲ್ಲಿ ಶಿಸ್ತು ಅಂದರೆ ಅವನು ನಿಗದಿ ಮಾಡಿದ ಭೂಕಂದಾಯ. ಜಮೀನನ್ನು ಗುಣದ ಮೇಲೆ ಐದು ತರಗತಿ ಮಾಡಿ, ಹನ್ನೆರಡು ವರ್ಷ ಬೆಳೆ ತೆಗೆದು ಇಳುವರಿ ನೋಡಿ, ಸರ್ಕಾರದ ಪಾಲು ಮೂರರಲ್ಲಿ ಒಂದು ಎಂದು ನಿಗದಿ ಮಾಡಿದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಕೆಳದಿ ರಾಜ್ಯ ಮುಗಿಯಿತು, ಊರಿನ ಹೆಸರೂ ಬದಲಾಯಿತು. ಶಿಸ್ತು ಮಾತ್ರ ಹೋಗಲಿಲ್ಲ. ಹೊಸ ಆಡಳಿತ ಅದನ್ನು ಅಡಿಪಾಯವಾಗಿ ಇಟ್ಟುಕೊಂಡು ಮೇಲೆ ಹೆಚ್ಚುವರಿ ಹೇರಿತು. ಕರಾವಳಿಯ ಲೆಕ್ಕಪತ್ರದಲ್ಲಿ ಆ ಹೆಚ್ಚುವರಿಗೆ ‘ಶಾಮಿಲು’ ಎಂಬ ಹೆಸರಿದೆ. ಟಿಪ್ಪು ಬಿದ್ದ ಮೇಲೆ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೊ ಕಂದಾಯ ನಿಗದಿ ಮಾಡಲು ಕೂತಾಗಲೂ ಮುಂದೆ ಬಂದದ್ದು ಇದೇ ಶಿಸ್ತು ಮತ್ತು ಶಾಮಿಲಿನ ಲೆಕ್ಕ. ರಾಜ ಹೋಗಿ ಮೂವತ್ತಾರು ವರ್ಷ ಕಳೆದಿತ್ತು.

ಆಗ ‘ಮುಂದುವರಿಯುತ್ತದೆ’ ಎಂದು ಬರೆದಿಟ್ಟ ಕಾಯ್ದೆ ಇರಲಿಲ್ಲ. ಕಂದಾಯ ಬೇಕಿತ್ತು, ಲೆಕ್ಕ ಶಾನುಭೋಗರ ಕೈಯಲ್ಲಿತ್ತು, ಅಷ್ಟೇ. ಬರೆದಿಟ್ಟ ಸಾಲು ಬರುವುದು ಮುಂದಿನ ಕೈಬದಲಿನಲ್ಲಿ. ಅದರ ಬೀಜ ಬಿದ್ದದ್ದೂ ಇದೇ ನೆಲದಲ್ಲಿ.

1881: ಬರವಣಿಗೆಯಲ್ಲಿ ಬಂದ ಸಾಲು

1830–31ರಲ್ಲಿ ಕಂದಾಯದ ಕಿರುಕುಳ ತಾಳಲಾರದೆ ನಗರದ ಕಡೆಯ ರೈತರು ದಂಗೆ ಎದ್ದರು. ಅದನ್ನೇ ಮುಂದೆ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡರು. ಐವತ್ತು ವರ್ಷ ಕಮಿಷನರುಗಳ ಆಡಳಿತ ನಡೆಯಿತು. ಆ ಅವಧಿಯಲ್ಲಿ ದಂಡ ಸಂಹಿತೆಯಂಥ ಬ್ರಿಟಿಷ್ ಇಂಡಿಯಾದ ಕಾನೂನುಗಳು ಮೈಸೂರಿಗೂ ಬಂದವು.

1881ರ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸು ಕೊಟ್ಟರು. ಬ್ರಿಟಿಷರ ನೇರ ಆಡಳಿತದಿಂದ ಮೈಸೂರು ಹೊರಬಂತು. ಕಾನೂನುಗಳು? ಹಸ್ತಾಂತರ ಪತ್ರದಲ್ಲೇ ಷರತ್ತು ಇತ್ತು: ಆ ದಿನ ಜಾರಿಯಲ್ಲಿರುವ, ಪಟ್ಟಿಯಲ್ಲಿ ಸೇರಿಸಿದ ಕಾನೂನುಗಳನ್ನು ಮುಂದುವರಿಸಬೇಕು, ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಮಹಾರಾಜರು ಅವನ್ನು ರದ್ದು ಮಾಡುವಂತಿಲ್ಲ, ತಿದ್ದುವಂತಿಲ್ಲ.

ಇದು ಬ್ರೆಕ್ಸಿಟ್‌ಗಿಂತ ಬಿಗಿ ಷರತ್ತು. ಬ್ರಿಟನ್ ತಾನಾಗಿ ಯುರೋಪಿನ ಕಾನೂನನ್ನು ಉಳಿಸಿಕೊಂಡಿತು, ಬೇಡ ಅನಿಸಿದಾಗ ಬದಲಿಸುವ ಅಧಿಕಾರವನ್ನೂ ಇಟ್ಟುಕೊಂಡಿತು. ಮೈಸೂರಿಗೆ ಆ ಅಧಿಕಾರ ಇರಲಿಲ್ಲ. ಮನೆ ಬಿಟ್ಟುಕೊಟ್ಟ ಬಾಡಿಗೆದಾರ ‘ಗೋಡೆ ಬಣ್ಣ ಬದಲಿಸಬೇಕಾದರೆ ನನ್ನನ್ನು ಕೇಳಿ’ ಎಂದು ಮಾಲೀಕನಿಗೇ ಹೇಳಿ ಹೋದ ಹಾಗೆ.

ಅನಂತರದ ಮೈಸೂರು ತನ್ನದೇ ಕಾನೂನುಗಳನ್ನೂ ಮಾಡಿಕೊಂಡಿತು. 1888ರ ಭೂಕಂದಾಯ ಸಂಹಿತೆ, 1900ರ ಅರಣ್ಯ ಕಾನೂನು, 1927ರ ಮುಜರಾಯಿ ಕಾಯ್ದೆ. ಸೊಪ್ಪಿನಬೆಟ್ಟ, ಕಾನುಗಳ ಸವಲತ್ತು ನಡೆದುಬಂದದ್ದು ಈ ವ್ಯವಸ್ಥೆಯ ಒಳಗೆ.

ಒಪ್ಪಂದ ಹೋಯಿತು, ಕಾನೂನು ಉಳಿಯಿತು

1947ರಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಭಾರತ ಸ್ವಾತಂತ್ರ್ಯ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಸಂಸ್ಥಾನಗಳ ಮೇಲೆ ಬ್ರಿಟಿಷ್ ರಾಜಸತ್ತೆಗೆ ಇದ್ದ ಸಾರ್ವಭೌಮತ್ವ ಕೊನೆಗೊಂಡಿತು. ಅದರ ಜತೆ ಒಪ್ಪಂದಗಳೂ ಹೋದವು. ಮೈಸೂರು ಬ್ರಿಟಿಷರಿಗೆ ಕಟ್ಟುತ್ತಿದ್ದ ಪೊಗದಿಗೆ, ಗವರ್ನರ್ ಜನರಲ್ ಒಪ್ಪಿಗೆ ಕೇಳಬೇಕೆಂಬ ಷರತ್ತಿಗೆ ಆಧಾರವೇ ಇಲ್ಲವಾಯಿತು. ಆದರೆ ಮೈಸೂರಿನೊಳಗಿನ ಭೂಕಂದಾಯ ಸಂಹಿತೆ ಹಾಗೇ ನಿಂತಿತು. ಎರಡು ಅಧಿಕಾರಗಳ ನಡುವಿನ ಸಂಬಂಧಕ್ಕೆ ಅಂಟಿಕೊಂಡದ್ದು ಸಂಬಂಧದ ಜತೆಗೇ ಹೋಗುತ್ತದೆ. ಜನರ ದಿನದ ವ್ಯವಹಾರಕ್ಕೆ ಅಂಟಿಕೊಂಡದ್ದನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಆ ಪ್ರಸಿದ್ಧ ಸಾಲು 372ನೇ ವಿಧಿಯಾಗಿ ಬಂತು. ಸಂವಿಧಾನಕ್ಕೆ ಮುಂಚೆ ಭಾರತದ ನೆಲದಲ್ಲಿ ಜಾರಿಯಲ್ಲಿದ್ದ ಎಲ್ಲ ಕಾನೂನುಗಳೂ, ಅಧಿಕಾರ ಇರುವ ಶಾಸನಸಭೆ ಬದಲಿಸುವವರೆಗೆ ಅಥವಾ ರದ್ದು ಮಾಡುವವರೆಗೆ ಮುಂದುವರಿಯುತ್ತವೆ. ಮಹಾರಾಜರ ಕಾನೂನಿಗೂ ಇದು ಅನ್ವಯ. ಒಂದೇ ಶರತ್ತು, ಅದು ಸಂವಿಧಾನಕ್ಕೆ ವಿರುದ್ಧವಾಗಿರಬಾರದು.

ಇಲ್ಲೇ ಇನ್ನೊಂದು ಹಳೆಯ ಫಾರ್ವರ್ಡಿಗೂ ಉತ್ತರ ಇದೆ. ‘ನಮ್ಮ ಸ್ವಾತಂತ್ರ್ಯ 99 ವರ್ಷದ ಲೀಸು, ಅದಕ್ಕೇ ಬ್ರಿಟಿಷರ ಕಾನೂನು ಇನ್ನೂ ನಡೆಯುತ್ತಿದೆ’ ಎಂಬ ಸಂದೇಶ ಆಗಾಗ ಮೇಲೇಳುತ್ತದೆ. ಅಂಥ ಲೀಸು ಯಾವ ದಾಖಲೆಯಲ್ಲೂ ಇಲ್ಲ. ಬ್ರಿಟಿಷ್ ಸಂಸತ್ತು ಮಾಡಿದ ಸ್ವಾತಂತ್ರ್ಯ ಕಾಯ್ದೆಯನ್ನೇ ನಮ್ಮ ಸಂವಿಧಾನದ 395ನೇ ವಿಧಿ ರದ್ದು ಮಾಡಿದೆ. 1860ರ ದಂಡ ಸಂಹಿತೆ ಇಲ್ಲಿ ನಡೆದದ್ದು ಲಂಡನ್ನಿನ ಹುಕುಮಿನಿಂದಲ್ಲ, 372ನೇ ವಿಧಿಯಿಂದ. ನಮ್ಮ ಸಂಸತ್ತಿಗೆ ಬೇಡ ಅನಿಸಿದಾಗ ಯಾರನ್ನೂ ಕೇಳದೆ ತೆಗೆದುಹಾಕಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ. ಆಗಲೂ ‘ಹಳೆಯ ಕೇಸುಗಳೆಲ್ಲ ಬಿದ್ದುಹೋದವು’ ಎಂದು ನಂಬಿದವರಿದ್ದರು. ಇಲ್ಲ, ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಎಂದು ಹೊಸ ಕಾಯ್ದೆಯಲ್ಲೇ ಬರೆದಿದೆ.

ಗಡಿ ಅಳಿಸಿತು, ಕಾನೂನಿನ ಗಡಿ ಅಳಿಸಲಿಲ್ಲ

ಈಗ 1956ರ ನವೆಂಬರ್ 1ಕ್ಕೆ ಬನ್ನಿ. ಅದರ ಹಿಂದಿನ ದಿನದವರೆಗೆ ತಾಳಗುಪ್ಪ ದಾಟಿ ಸಿದ್ದಾಪುರಕ್ಕೆ ಹೋದರೆ ನೀವು ಮುಂಬಯಿ ರಾಜ್ಯದಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ ಬಂದರೆ, ಹೊಸನಗರದಿಂದ ನಾಗೋಡಿ ಕಡೆ ಇಳಿದು ಕೊಲ್ಲೂರಿಗೆ ಬಂದರೆ ದಕ್ಷಿಣ ಕನ್ನಡ ಜಿಲ್ಲೆ. ಅದು ಮದ್ರಾಸ್ ಕಾನೂನು ನಡೆಯುತ್ತಿದ್ದ ನೆಲ. ಏಕೀಕರಣದ ದಿನ ಈ ಗಡಿಗಳು ಅಳಿಸಿದವು. ಎಲ್ಲ ಒಂದೇ ರಾಜ್ಯ.

ಆದರೆ ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯ 119ನೇ ಸೆಕ್ಷನ್ ಹೇಳಿತು: ಗಡಿ ಬದಲಾದ ಮಾತ್ರಕ್ಕೆ ಯಾವ ಕಾನೂನು ಯಾವ ಪ್ರದೇಶಕ್ಕೆ ಅನ್ವಯಿಸುತ್ತಿತ್ತೋ ಅದು ಬದಲಾಗುವುದಿಲ್ಲ. ಕಾನೂನಿನಲ್ಲಿ ‘ಮುಂಬಯಿ ರಾಜ್ಯ’ ಎಂದಿದ್ದರೆ ಹಿಂದಿನ ದಿನ ಮುಂಬಯಿ ರಾಜ್ಯ ಆಗಿದ್ದ ಪ್ರದೇಶ ಎಂದೇ ಓದಿಕೊಳ್ಳಬೇಕು, ಬೇರೆ ವ್ಯವಸ್ಥೆ ಆಗುವವರೆಗೆ.

ಇದರ ಪರಿಣಾಮ ಸಣ್ಣದಲ್ಲ. ಒಂದೇ ರಾಜ್ಯದಲ್ಲಿ ಐದು ಭೂಕಂದಾಯ ಕಾನೂನು: ಮೈಸೂರಿನದು, ಮುಂಬಯಿಯದು, ಮದ್ರಾಸಿನದು, ಹೈದರಾಬಾದಿನದು, ಕೊಡಗಿನದು. ಗೇಣಿಯ ಕಥೆಯೂ ಅದೇ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ, ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳ ಅದರ ಮೂಲದಲ್ಲಿತ್ತು. ಮುಂದಿನ ವರ್ಷ ಮೈಸೂರಿನಲ್ಲಿ ಗೇಣಿ ಕಾಯ್ದೆ ಬಂತು. ಪಕ್ಕದ ಸಿದ್ದಾಪುರದ ಗೇಣಿದಾರನಿಗೆ ಮುಂಬಯಿಯ 1948ರ ಕಾಯ್ದೆ ಇತ್ತು. 1956ರಲ್ಲಿ ಇಬ್ಬರೂ ಒಂದೇ ರಾಜ್ಯದ ಪ್ರಜೆಗಳಾದರೂ ಗೇಣಿಯ ವಿಷಯದಲ್ಲಿ ಬೇರೆ ಬೇರೆ ಕಾನೂನಿನವರಾಗಿಯೇ ಉಳಿದರು. ಇಬ್ಬರಿಗೂ ಒಂದೇ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ.

ಕಾಸರಗೋಡಿನ ಕನ್ನಡಿಗರಿಗೆ ಇದು ಇನ್ನೊಂದು ರೀತಿಯಲ್ಲಿ ಆಯಿತು. ಅಲ್ಲಿಯವರು ಅದೇ ದಕ್ಷಿಣ ಕನ್ನಡ ಜಿಲ್ಲೆಯವರು, ಅದೇ ಮದ್ರಾಸ್ ಕಾನೂನಿನವರು. ತಾಲ್ಲೂಕು ಕೇರಳಕ್ಕೆ ಹೋಯಿತು. ಹಳೆಯ ಕಾನೂನು ಅಂದು ಅವರ ಜತೆಗೇ ಗಡಿ ದಾಟಿತು, ಆದರೆ ಮುಂದೆ ಅದನ್ನು ತಿದ್ದುವ ಅಧಿಕಾರ ತಿರುವನಂತಪುರದ್ದಾಯಿತು. ಒಂದೇ ಜಿಲ್ಲೆಯ ಒಂದೇ ಕುಮ್ಕಿ, ಅದರ ಭವಿಷ್ಯ ಮಾತ್ರ ಎರಡು ವಿಧಾನಸಭೆಗಳ ಕೈಯಲ್ಲಿ. ಕರ್ನಾಟಕದ ಕುಮ್ಕಿಯ ಬಗ್ಗೆ ಬಂದ ಸುದ್ದಿಯನ್ನು ಮಂಜೇಶ್ವರದ ಗ್ರೂಪಿಗೆ ಕಳಿಸುವವರು ಇದನ್ನು ನೆನಪಿಡಬೇಕು.

79ನೇ ಸೆಕ್ಷನ್ ಏನು ಕೊಟ್ಟಿತು, ಏನು ಕೊಡಲಿಲ್ಲ

ಐದು ಭೂಕಂದಾಯ ಕಾನೂನುಗಳ ಜಾಗದಲ್ಲಿ 1964ರಲ್ಲಿ ಒಂದೇ ಭೂಕಂದಾಯ ಕಾಯ್ದೆ ಬಂತು. ಮಹಾರಾಜರ ಕಾಲದ 1888ರ ಸಂಹಿತೆ ಅಲ್ಲಿಗೆ ರದ್ದು. ಹಾಗಾದರೆ ‘ಹಳೆಯದು ಹೋಯಿತು’ ಎನ್ನುವವರು ಹೇಳಿದ್ದು ಸರಿಯಾಯಿತಲ್ಲ?

ಇಲ್ಲಿ 79ನೇ ಸೆಕ್ಷನ್ ಬರುತ್ತದೆ. ರೂಢಿಯಿಂದಾಗಲಿ ಆದೇಶದಿಂದಾಗಲಿ ಅನುಭವಿಸಿಕೊಂಡು ಬಂದ ಸವಲತ್ತುಗಳು ಮುಂದುವರಿಯುತ್ತವೆ ಎಂದು ಅದರ ಎರಡನೇ ಉಪಸೆಕ್ಷನ್ ಹೇಳುತ್ತದೆ. ಹೇಳುವುದಷ್ಟೇ ಅಲ್ಲ, ಹೆಸರು ಹಿಡಿದು ಕರೆಯುತ್ತದೆ: ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಕೊಡಗಿನ ಜಮ್ಮಾ, ಬಾಣೆ, ಹೈದರಾಬಾದ್ ಪ್ರದೇಶದ ಮೋಟಸ್ಥಲ, ಮತ್ತು ಮೈಸೂರು ಪ್ರದೇಶದ ಕಾನು, ಸೊಪ್ಪಿನಬೆಟ್ಟ. ಇಲ್ಲವಾದ ಐದು ಆಡಳಿತಗಳ ಸವಲತ್ತುಗಳು ಒಂದೇ ವಾಕ್ಯದಲ್ಲಿ ಸಾಲಾಗಿ ಕೂತಿವೆ.

ಹಾಗಾಗಿ ಸಾಗರದ ತೋಟಿಗರು ಇವತ್ತು ಸೊಪ್ಪಿನಬೆಟ್ಟದಿಂದ ಸೊಪ್ಪು ತರುವುದಕ್ಕೆ ಆಧಾರ ಮಹಾರಾಜರ ಸಂಹಿತೆ ಅಲ್ಲ, ವಿಧಾನಮಂಡಲ ಮಾಡಿದ 1964ರ ಕಾಯ್ದೆ. ‘ಆ ಕಾಗದಕ್ಕೆ ಬೆಲೆ ಇಲ್ಲ’ ಎನ್ನುವವರಿಗೆ ಉತ್ತರ ಇಷ್ಟೇ.

ಇನ್ನು ‘ನಮ್ಮದೇ ಜಾಗ’ ಎನ್ನುವವರ ಕಡೆಗೆ ಬರೋಣ. ಅದೇ ವಾಕ್ಯದಲ್ಲಿ ಎರಡು ಮಾತನ್ನು ಗಮನಿಸಬೇಕು. ಒಂದು, ಅದು ಬಳಸಿದ ಪದ ‘ಸವಲತ್ತು’, ಮಾಲೀಕತ್ವ ಅಲ್ಲ. ಸೊಪ್ಪು, ದರಗು ತರಬಹುದು ಎಂಬುದು ಬೇರೆ, ಜಾಗ ನನ್ನದು ಎಂಬುದು ಬೇರೆ. ಪಕ್ಕದ ಮನೆ ಬಾವಿಯಿಂದ ನೀರು ಸೇದುವ ರೂಢಿ ಇದ್ದರೆ ಬಾವಿ ನಿಮ್ಮದಾಗುವುದಿಲ್ಲ. ಎರಡು, ಸರ್ಕಾರ ಕಾಲಕಾಲಕ್ಕೆ ಹೊರಡಿಸುವ ಆದೇಶಗಳಿಗೆ ಒಳಪಟ್ಟು ಎಂಬ ಮಾತು ಅಲ್ಲೇ ಇದೆ. ‘ಮುಂದುವರಿಯುತ್ತದೆ’ ಎಂದ ಬಾಯಲ್ಲೇ ‘ಬದಲಿಸುವವರೆಗೆ’ ಎಂದೂ ಹೇಳಿದ್ದಾರೆ.

ಇದರ ಮೇಲೆ ಕೇಂದ್ರದ ಕಾನೂನು ಇನ್ನೊಂದು ಪದರ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಪೂರ್ವಾನುಮತಿ ಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಯಾರ ಹೆಸರಿದ್ದರೂ ನಿಘಂಟಿನ ಅರ್ಥದಲ್ಲಿ ಕಾಡು ಆಗಿದ್ದರೆ ಅದು ಕಾಡೇ ಎಂದಿತು. ಶರಾವತಿ ಮುಳುಗಡೆ ಸಂತ್ರಸ್ತರಿಗಾಗಿ ರಾಜ್ಯ ಸರ್ಕಾರ ಹೊರಡಿಸಿದ್ದ ಡಿನೋಟಿಫಿಕೇಶನ್ ಆದೇಶಗಳು ನಿಲ್ಲದೇ ಹೋದದ್ದೂ ಕೇಂದ್ರದ ಅನುಮತಿ ಇರಲಿಲ್ಲ ಎಂಬ ಕಾರಣಕ್ಕೆ. ಲಿಂಗನಮಕ್ಕಿಗಾಗಿ ಮನೆ ಮಠ ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಈಗಲೂ ಕಚೇರಿ ಅಲೆಯುತ್ತಿದ್ದಾರೆ. ಅವರ ಪಾಲಿಗೆ ಇದು ಕಾನೂನಿನ ಪಾಠ ಅಲ್ಲ, ಅನ್ನದ ಪ್ರಶ್ನೆ.

ಹಳೆಯದು ಉಳಿದರೆ ರೈತರಿಗೆ ಬೇಕಾದದ್ದು ಮಾತ್ರ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಮೈಸೂರು ಕಾಲದ ಅರಣ್ಯ ಕಾನೂನಿನ ಜಾಗಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಬಂದಾಗ, ಹಿಂದೆ ಘೋಷಣೆಯಾಗಿದ್ದ ಮೀಸಲು ಅರಣ್ಯಗಳು ಮೀಸಲು ಅರಣ್ಯಗಳಾಗಿಯೇ ಮುಂದುವರಿದವು. ‘ಮಹಾರಾಜರ ಕಾಲದ ನೋಟಿಫಿಕೇಶನ್ ಈಗ ನಡೆಯಲ್ಲ’ ಎಂದು ಅರಣ್ಯ ಇಲಾಖೆಯ ಎದುರು ವಾದ ಮಾಡುವವರು, ಅದೇ ಬಾಯಲ್ಲಿ ‘ಮಹಾರಾಜರ ಕಾಲದ ಸೊಪ್ಪಿನಬೆಟ್ಟ ನಡೆಯುತ್ತದೆ’ ಎನ್ನಲು ಆಗುವುದಿಲ್ಲ.

ಎಷ್ಟು ಕಾಲ?

ತಾತ್ಕಾಲಿಕ ಎಂದು ಉಳಿಸಿಕೊಂಡದ್ದು ಎಷ್ಟು ವರ್ಷ ನಡೆಯಬಹುದು? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದು ಉಡುಪಿಯ ಅದಮಾರು ಮಠ.

ಏಕೀಕರಣ ಆಗಿ ಇಪ್ಪತ್ತು ವರ್ಷ ದಾಟಿದ್ದರೂ ದೇವಸ್ಥಾನಗಳ ವಿಷಯದಲ್ಲಿ ಪ್ರದೇಶಕ್ಕೊಂದು ಕಾನೂನು ಇತ್ತು. ಘಟ್ಟದ ಮೇಲೆ ಮೈಸೂರಿನ ಮುಜರಾಯಿ ಕಾಯ್ದೆ, ಘಟ್ಟದ ಕೆಳಗೆ ಮದ್ರಾಸಿನ 1951ರ ಧಾರ್ಮಿಕ ದತ್ತಿ ಕಾಯ್ದೆ. ಹೊಸನಗರದ ಭಕ್ತರು ಕೊಲ್ಲೂರಿಗೆ ಹೋದರೆ ದೇವರು ಅದೇ, ರಾಜ್ಯ ಅದೇ, ಕಾನೂನು ಮಾತ್ರ ಬೇರೆ. ದಕ್ಷಿಣ ಕನ್ನಡಕ್ಕೆ ಮಾತ್ರ ಮದ್ರಾಸ್ ಕಾಯ್ದೆ ಅನ್ವಯಿಸುವುದು ತಾರತಮ್ಯ ಎಂದು ಮಠ ವಾದಿಸಿತು.

1979ರಲ್ಲಿ ಕೋರ್ಟ್ ಆ ಕಾಯ್ದೆಯನ್ನು ಹೊಡೆದುಹಾಕಲಿಲ್ಲ. ರಾಜ್ಯ ಪುನರ್‌ವಿಂಗಡಣೆಯಂಥ ಐತಿಹಾಸಿಕ ಕಾರಣದಿಂದ ಬಂದ ವ್ಯತ್ಯಾಸವನ್ನು ಸ್ವಲ್ಪ ಕಾಲ ಸಹಿಸಬಹುದು, ಆದರೆ ಅಸಮಾನ ಕಾನೂನುಗಳನ್ನು ಕೊನೆಯೇ ಇಲ್ಲದೆ ಎಳೆಯುವಂತಿಲ್ಲ ಎಂದು ಎಚ್ಚರಿಸಿತು. ಇಡೀ ರಾಜ್ಯಕ್ಕೆ ಒಂದೇ ಧಾರ್ಮಿಕ ದತ್ತಿ ಕಾಯ್ದೆ 1997ರ ಹೆಸರಿನಲ್ಲಿ ಬಂತು, ಜಾರಿಯಾದದ್ದು 2003ರಲ್ಲಿ. ಕೋರ್ಟಿನ ಎಚ್ಚರಿಕೆಯಿಂದ ಲೆಕ್ಕ ಹಾಕಿದರೆ ಇಪ್ಪತ್ನಾಲ್ಕು ವರ್ಷ, ಏಕೀಕರಣದಿಂದ ನಲವತ್ತೇಳು.

ಬ್ರಿಟನ್ನಿನಲ್ಲೂ ಇದೇ ಕಥೆ, ಸ್ವಲ್ಪ ಅವಸರದಲ್ಲಿ

ಯುರೋಪಿಯನ್ ಒಕ್ಕೂಟ ಒಂದು ದೇಶ ಅಲ್ಲ, ದೇಶಗಳ ಒಕ್ಕೂಟ. ಆದರೂ ಅದರ ಕಾನೂನು ಸದಸ್ಯ ದೇಶಗಳ ಸ್ವಂತ ಕಾನೂನಿಗಿಂತ ಮೇಲೆ. ಬ್ರಿಟನ್ನಿನಲ್ಲಿ ಅದಕ್ಕೆ ಬಾಗಿಲು ತೆರೆದಿದ್ದದ್ದು 1972ರ ಒಂದು ಕಾಯ್ದೆ. ಆ ಬಾಗಿಲು ಮುಚ್ಚಿದರೆ ಒಳಗೆ ಬಂದ ನಿಯಮಗಳಲ್ಲಿ ಬಹುಪಾಲು ರಾತ್ರೋರಾತ್ರಿ ಇಲ್ಲವಾಗುತ್ತಿದ್ದವು. ಅದಕ್ಕೇ 2018ರಲ್ಲಿ ಒಂದು ಕಾಯ್ದೆ ಮಾಡಿ, ಪರಿವರ್ತನೆಯ ಅವಧಿ ಮುಗಿಯುವ 2020ರ ಡಿಸೆಂಬರ್ 31ರಂದು ಇದ್ದ ಯುರೋಪಿನ ನಿಯಮಗಳನ್ನು ಬ್ರಿಟನ್ನಿನ ಕಾನೂನಾಗಿ ನಕಲು ಮಾಡಿಕೊಂಡರು. ನಮ್ಮ 372ನೇ ವಿಧಿಯ ಕೆಲಸವೇ. ಸಂಬಂಧಕ್ಕೆ ಅಂಟಿಕೊಂಡದ್ದು, ಅಂದರೆ ಯುರೋಪಿನಲ್ಲಿ ಎಲ್ಲಿ ಬೇಕಾದರೂ ಹೋಗಿ ನೆಲೆಸುವ ಹಕ್ಕು, ಯುರೋಪಿಯನ್ ಸಂಸತ್ತಿನ ಸ್ಥಾನಗಳು, ಇವು ಮಾತ್ರ ಹೋದವು.

ನಿಮ್ಮ ಮನೆಯ ಮಕ್ಕಳು ಲಂಡನ್ನಿನಲ್ಲಿದ್ದರೆ ಇದು ಅವರಿಗೂ ಉಪಯೋಗ. ವಿಮಾನ ತಡವಾದರೆ ಪರಿಹಾರ ಕೊಡಬೇಕೆಂಬ ಯುರೋಪಿನ ನಿಯಮ ಅಲ್ಲಿ ಈಗಲೂ ಇದೆ, ಯುರೋ ಬದಲು ಪೌಂಡಿನಲ್ಲಿ. ಬ್ರಿಟನ್ನಿನಿಂದ ಹೊರಡುವ ಯಾವ ಕಂಪನಿಯ ವಿಮಾನಕ್ಕೂ ಅದು ಅನ್ವಯ. ಕಂಪನಿಯ ಕಾರಣದಿಂದ ದೀರ್ಘ ತಡ ಆದರೆ, ಬೆಂಗಳೂರಿನಷ್ಟು ದೂರದ ಪ್ರಯಾಣಕ್ಕೆ 520 ಪೌಂಡ್‌ವರೆಗೆ ಸಿಗಬಹುದು. ‘ಬ್ರೆಕ್ಸಿಟ್ ಆಯಿತಲ್ಲ, ಅದೆಲ್ಲ ಇಲ್ಲ’ ಎಂದು ಬಿಟ್ಟವರು ದುಡ್ಡು ಬಿಟ್ಟ ಹಾಗೆ.

2022ರಲ್ಲಿ ಅಲ್ಲಿನ ಸರ್ಕಾರಕ್ಕೆ ಅವಸರವಾಯಿತು. ಪ್ರತ್ಯೇಕವಾಗಿ ಉಳಿಸಿಕೊಳ್ಳದ ಯುರೋಪಿನ ನಿಯಮಗಳೆಲ್ಲ 2023ರ ಕೊನೆಗೆ ತಾನಾಗಿ ಬಿದ್ದುಹೋಗಲಿ ಎಂದು ಮಸೂದೆ ತಂದಿತು. ಎಷ್ಟು ನಿಯಮ ಇವೆ ಎಂದು ಎಣಿಸಲು ಕೂತರೆ ಮೊದಲ ಪಟ್ಟಿಯಲ್ಲಿ ಸುಮಾರು 2,400. ಹುಡುಕುತ್ತ ಹೋದಂತೆ 4,800 ದಾಟಿತು. ಯಾವುದನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದೇ ಗೊತ್ತಿಲ್ಲದೆ ಕಳೆದುಕೊಳ್ಳುವುದು ಹೇಗೆ? 2023ರ ಮೇ ತಿಂಗಳಲ್ಲಿ ಸರ್ಕಾರ ಹಿಂದೆ ಸರಿಯಿತು, ಸುಮಾರು 600 ನಿಯಮಗಳ ಪಟ್ಟಿ ಮಾಡಿ ಅಷ್ಟನ್ನು ಮಾತ್ರ ತೆಗೆಯುವುದಾಗಿ ಹೇಳಿತು. ಉಳಿದವುಗಳಿಗೆ ಯುರೋಪಿನ ಕಾನೂನು ಎಂಬ ಮೇಲ್ಸ್ಥಾನ ಹೋಯಿತು. ‘ಉಳಿಸಿಕೊಂಡ ಯುರೋಪಿಯನ್ ಕಾನೂನು’ ಎಂಬ ಹೆಸರು 2024ರ ಜನವರಿ 1ರಿಂದ ‘ಒಳಗೂಡಿಸಿಕೊಂಡ ಕಾನೂನು’ ಎಂದಾಯಿತು.

ಹೆಸರು ಬದಲಿಸುವುದು ನಮಗೂ ಹೊಸದಲ್ಲ. 1964ರಲ್ಲಿ ಮಾಡಿದಾಗ ಅದು ಮೈಸೂರು ಭೂಕಂದಾಯ ಕಾಯ್ದೆ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕ ಆದ ಮೇಲೆ ಕರ್ನಾಟಕ ಭೂಕಂದಾಯ ಕಾಯ್ದೆ ಆಯಿತು. ಒಳಗಿನ 79ನೇ ಸೆಕ್ಷನ್ ಅದೇ.

ಫಾರ್ವರ್ಡ್ ಬಂದಾಗ ಏನು ನೋಡಬೇಕು?

ಹಳೆಯ ಕಾನೂನು, ಹಳೆಯ ಆದೇಶದ ಬಗ್ಗೆ ಸಂದೇಶ ಬಂದರೆ ‘ಅದನ್ನು ಮಾಡಿದ ಸರ್ಕಾರ ಈಗ ಇದೆಯೇ’ ಎಂದು ಕೇಳಬೇಡಿ. ಆ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ಮುಂದುವರಿಸಿದ ಸಾಲು ಎಲ್ಲಿದೆ, ಆಮೇಲೆ ಯಾರಾದರೂ ತಿದ್ದಿದ್ದಾರೆಯೇ ಎಂದು ಕೇಳಿ.

ಸೊಪ್ಪಿನಬೆಟ್ಟದ ವಿಷಯದಲ್ಲಿ ಮೊದಲನೆಯದಕ್ಕೆ ಉತ್ತರ 79ನೇ ಸೆಕ್ಷನ್. ಎರಡನೆಯದು ಸರ್ವೆ ನಂಬರಿನಿಂದ ಸರ್ವೆ ನಂಬರಿಗೆ ಬೇರೆ ಆಗಬಹುದು. ಪಹಣಿ ತೆಗೆಸಿ ನೋಡಿ. ಖಾತೆದಾರರ ಹೆಸರಿನ ಜಾಗದಲ್ಲಿ ‘ಸರ್ಕಾರ’ ಎಂದಿದ್ದು, ಪಕ್ಕದಲ್ಲಿ ಸೊಪ್ಪಿನಬೆಟ್ಟ ಎಂದಿದ್ದರೆ ಅದು ಸವಲತ್ತು, ಕ್ರಯಕ್ಕೆ ಸಿಗುವ ಜಾಗ ಅಲ್ಲ. ಅಂಥ ಜಾಗವನ್ನು ಕರಾರುಪತ್ರ ಬರೆದುಕೊಂಡು ಮಾರುವವರಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ತಾಲ್ಲೂಕು ಕಚೇರಿಯಲ್ಲೂ ಅರಣ್ಯ ಇಲಾಖೆಯಲ್ಲೂ ವಿಚಾರಿಸಿ. ಆ ಸರ್ವೆ ನಂಬರು ಮೀಸಲು ಅರಣ್ಯದ ನೋಟಿಫಿಕೇಶನ್ ಒಳಗೆ ಬರುತ್ತದೆಯೇ ಎಂಬುದು ಅರಣ್ಯ ಇಲಾಖೆಯ ದಾಖಲೆಯಲ್ಲಿ ಸಿಗುತ್ತದೆ.

ಹಳೆಯ ಕಾಗದಗಳನ್ನು ‘ಚಲಾವಣೆಯಲ್ಲಿಲ್ಲ’ ಎಂದು ಒಲೆಗೆ ಹಾಕಬೇಡಿ. ಕಾನೂನಾಗಿ ಸತ್ತದ್ದು ಸಾಕ್ಷಿಯಾಗಿ ಬದುಕಿರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡಕ್ಕೆ ಸೇರದವರು ಅರ್ಜಿ ಹಾಕಿದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನು ಅವಲಂಬಿಸಿದ್ದಕ್ಕೆ ಪುರಾವೆ ಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತದೆ. ಆಗ ಕರ್ನಾಟಕವೂ ಇರಲಿಲ್ಲ, ಸ್ವತಂತ್ರ ಭಾರತವೂ ಇರಲಿಲ್ಲ. ಆ ಕಾಲದ ಕಂದಾಯ ರಸೀದಿ ಮನೆಯ ಪೆಟ್ಟಿಗೆಯಲ್ಲಿ ಇದ್ದರೆ ಅದರ ಮೇಲಿರುವುದು ಮೈಸೂರು ಸರ್ಕಾರದ ಮುದ್ರೆ.